ಸಿಸಿ ಕ್ಯಾಮೆರಾದ ಮೆಮೊರಿ ಕಾರ್ಡ್ ಪದೇ ಪದೇ ಕರಪ್ಟ್ ಆಗುತ್ತಿದ್ದರೆ: ಕರಾವಳಿಯಲ್ಲಿ ಎಲ್ಲಿಂದ ಹುಡುಕಬೇಕು

ಲೈವ್ ಚಿತ್ರ ಚೆನ್ನಾಗಿಯೇ ಬರುತ್ತಿರುತ್ತದೆ. ಹಿಂದಿನ ರಾತ್ರಿಯ ರೆಕಾರ್ಡಿಂಗ್ ಹುಡುಕಿದರೆ ಮಾತ್ರ ಏನೂ ಇಲ್ಲ. ಕ್ಯಾಮೆರಾದ ಸ್ಟೋರೇಜ್ ಪುಟ ತೆರೆದರೆ ಕಾರ್ಡಿನ ಎದುರು ‘ಎರರ್’ ಅಥವಾ ‘ಅನ್‌ಇನಿಶಿಯಲೈಸ್ಡ್’ ಎಂದಿರುತ್ತದೆ, ಪಕ್ಕದಲ್ಲೇ ಫಾರ್ಮ್ಯಾಟ್ ಬಟನ್. ಅದನ್ನು ಒತ್ತಬೇಡಿ. ಒತ್ತಿದರೆ ಕಾರ್ಡ್ ಒಂದೆರಡು ವಾರ ಸರಿಯಿದ್ದಂತೆ ಕಾಣಬಹುದು. ಆದರೆ ರೆಕಾರ್ಡಿಂಗೂ ಹೋಯಿತು, ಯಾಕೆ ಹಾಳಾಯಿತೆಂಬ ಸುಳಿವೂ ಹೋಯಿತು. ಮಂಗಳೂರು-ಉಡುಪಿ ಕಡೆ ಕಾರ್ಡನ್ನು ದೂರುವ ಮೊದಲು ಅದಕ್ಕೆ ಬರುವ ಕರೆಂಟನ್ನೂ ಕ್ಯಾಮೆರಾದೊಳಗೆ ಸೇರಿದ ತೇವವನ್ನೂ ನೋಡಬೇಕು. ಇವೆರಡನ್ನು ಸರಿಮಾಡದೆ ಹೊಸ ಕಾರ್ಡ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಮಂಡೆಬಿಸಿ.

ನಿಜಕ್ಕೂ ಹಾಳಾಗಿದೆಯೇ?

ಮೊದಲು ಕ್ಯಾಮೆರಾದ ಗಡಿಯಾರ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಕ್ಯಾಮೆರಾಗಳ ತಾರೀಕು 1970 ಅಥವಾ 2000ದ ಜನವರಿ 1ಕ್ಕೆ ಹಿಂದೆ ಹೋಗುತ್ತದೆ. ರೆಕಾರ್ಡಿಂಗ್ ಆಗಿಯೇ ಇರುತ್ತದೆ, ಆದರೆ ಆ ಹಳೆಯ ತಾರೀಕಿನ ಕೆಳಗೆ. ಎನ್‌ಟಿಪಿ (ನೆಟ್‌ವರ್ಕ್‌ನಿಂದ ತಾನಾಗಿ ಸಮಯ ಹೊಂದಿಸಿಕೊಳ್ಳುವ ಆಯ್ಕೆ) ಆನ್ ಮಾಡಿ, ಟೈಮ್ ಝೋನ್ +5:30 ಇಟ್ಟರೆ ಮುಗಿಯಿತು.

ಇನ್ನೊಂದು ಸುಳ್ಳು ಎಚ್ಚರಿಕೆ ಕಂಪ್ಯೂಟರಿನದು. ಆಕ್ಸಿಸ್ ಕ್ಯಾಮೆರಾಗಳಲ್ಲಿ ಕಾರ್ಡನ್ನು ಸಾಮಾನ್ಯವಾಗಿ ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರುತ್ತಾರೆ. ವಿಂಡೋಸ್‌ಗೆ ಅದು ಓದಲು ಬರುವುದಿಲ್ಲ, ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತದೆ. ಎನ್‌ಕ್ರಿಪ್ಷನ್ ಆನ್ ಇರುವ ಕಾರ್ಡಿಗೂ ಇದೇ ಗತಿ. ‘ಕ್ಯಾನ್ಸಲ್’ ಒತ್ತಿ, ಲಿನಕ್ಸ್ ಇರುವ ಯಂತ್ರದಲ್ಲಿ ಅಥವಾ ಕ್ಯಾಮೆರಾದಲ್ಲೇ ತೆರೆದು ನೋಡಿ.

ಕಾರ್ಡ್ ತೆಗೆಯುವ ಕ್ರಮ

ರೆಕಾರ್ಡಿಂಗ್ ಶೆಡ್ಯೂಲ್ ನಿಲ್ಲಿಸಿ. ‘ಅನ್‌ಮೌಂಟ್’ ಆಯ್ಕೆ ಇದ್ದರೆ ಅದನ್ನು ಒತ್ತಿ. ಆಮೇಲೆ ಪಿಓಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಕೊಡುವ) ಪೋರ್ಟ್ ಅಥವಾ ಅಡಾಪ್ಟರ್ ಆಫ್ ಮಾಡಿ, ಒಣಗಿದ ಕೈಯಲ್ಲಿ ಕಾರ್ಡ್ ತೆಗೆಯಿರಿ. ದೊಡ್ಡ ಎಸ್‌ಡಿ ಅಡಾಪ್ಟರ್‌ಗೆ ಸೇರಿಸಿ, ಬದಿಯ ಲಾಕ್ ಕೆಳಗೆ ಎಳೆದ ಮೇಲೆಯೇ ರೀಡರಿಗೆ ಹಾಕಿ. ಮೊದಲ ಕೆಲಸ ಡಿಡಿರೆಸ್ಕ್ಯೂದಂಥ ಸಾಧನದಿಂದ ಇಡೀ ಕಾರ್ಡಿನ ಇಮೇಜ್, ಅಂದರೆ ತದ್ರೂಪು ಪ್ರತಿ, ತೆಗೆಯುವುದು. ಉಳಿದ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ. ವಿಂಡೋಸ್‌ನ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸುವ ಚಾಳಿ ಬಿಡಿ. ಅದಕ್ಕೆ ಫೈಲ್ ಸಿಸ್ಟಮ್ ನೇರವಾದರೆ ಸಾಕು, ನಿಮ್ಮ ವೀಡಿಯೊದ ಗೊಡವೆ ಇಲ್ಲ. ಹಿಕ್‌ವಿಷನ್ ಕ್ಯಾಮೆರಾಗಳು ಖಾಲಿ ಫೈಲ್‌ಗಳನ್ನು ಮೊದಲೇ ಸಾಲಾಗಿ ಮಾಡಿಟ್ಟುಕೊಂಡು, ಯಾವ ಗಂಟೆಯದು ಎಲ್ಲಿದೆ ಎಂಬ ಪಟ್ಟಿಯನ್ನು ಬೇರೆ ಇಂಡೆಕ್ಸ್ ಫೈಲಿನಲ್ಲಿ ಇಡುತ್ತವೆ. ಹಾಳಾದದ್ದು ಆ ಪಟ್ಟಿ ಮಾತ್ರ ಆಗಿದ್ದರೆ ವೀಡಿಯೊ ಒಳಗೇ ಇರುತ್ತದೆ. ವಿಎಲ್‌ಸಿಯಲ್ಲಿ ಓಡದ ಫೈಲ್ ಕಂಪನಿಯದೇ ಪ್ಲೇಯರ್‌ನಲ್ಲಿ ಓಡುವುದುಂಟು.

ಕಳ್ಳತನ, ಅಪಘಾತದ ದೃಶ್ಯ ಇರುವ ಕಾರ್ಡಾದರೆ ಇದ್ಯಾವುದನ್ನೂ ಮಾಡಬೇಡಿ, ಮೂಲ ಕಾರ್ಡನ್ನೇ ಪೊಲೀಸರಿಗೆ ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಡೇಟಾ ಒಂದಿಷ್ಟು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಬರೆಯಬೇಕಾಗುತ್ತದೆ. ರಿಪೇರಿ ಮಾಡಿದ ಕಾರ್ಡ್ ಅಲ್ಲಿ ಬರೀ ತಕರಾರಿಗೆ ದಾರಿ.

ಕರೆಂಟಿನ ಕಡೆಯ ತನಿಖೆ

ಕ್ಯಾಮೆರಾದ ಸಿಸ್ಟಮ್ ಲಾಗ್ ತೆಗೆದು ‘ಪವರ್ ಆನ್’, ‘ರೀಬೂಟ್’ ಸಾಲುಗಳ ಸಮಯವನ್ನಷ್ಟೇ ಬರೆದುಕೊಳ್ಳಿ. ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಎದ್ದಿದ್ದರೆ ಕಟ್ಟಡದ ಕರೆಂಟು ಹೋಗಿ ಬಂದದ್ದು. ಒಂದೇ ಕ್ಯಾಮೆರಾ, ಅದೂ ದಿನಾ ಸಂಜೆ ಆರೂವರೆ-ಏಳರ ಹೊತ್ತಿಗೆ ಎದ್ದು ಕೂರುತ್ತಿದ್ದರೆ ವೋಲ್ಟೇಜ್ ಸಾಲುತ್ತಿಲ್ಲ. ಕತ್ತಲಾದೊಡನೆ ರಾತ್ರಿ ನೋಟಕ್ಕಿರುವ ಐಆರ್ (ಇನ್ಫ್ರಾರೆಡ್) ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ, ಕ್ಯಾಮೆರಾ ಎಳೆಯುವ ಕರೆಂಟು ಏರುತ್ತದೆ.

ಲೆಕ್ಕ ಹೀಗೆ. 24 ಗೇಜಿನ ತಾಮ್ರದ ನೆಟ್‌ವರ್ಕ್ ಕೇಬಲಿನ ಒಂದು ಎಳೆಗೆ ಮೀಟರಿಗೆ ಸುಮಾರು 0.084 ಓಮ್. 40 ಮೀಟರಿಗೆ ಹೋಗಿ ಬರುವ ದಾರಿ ಸೇರಿ 6.7 ಓಮ್. ರಾತ್ರಿ ಅರ್ಧ ಆಂಪಿಯರ್ ಎಳೆಯುವ ಕ್ಯಾಮೆರಾಕ್ಕೆ ಒಂದೇ ಜೋಡಿ ಎಳೆಯಲ್ಲಿ 12 ವೋಲ್ಟ್ ಕಳಿಸಿದರೆ ದಾರಿಯಲ್ಲೇ 3.4 ವೋಲ್ಟ್ ಸೋರಿ, ತಲುಪುವುದು 8.6. ಎರಡು ಜೋಡಿ ಒಟ್ಟು ಸೇರಿಸಿದರೆ ನಷ್ಟ ಅರ್ಧಕ್ಕಿಳಿಯುತ್ತದೆ. ಕೇಬಲ್ ಸಿಸಿಎ ಆಗಿದ್ದರೆ, ಅಂದರೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಪ್ರತಿರೋಧ ಒಂದೂವರೆ ಪಟ್ಟು. ಅದನ್ನು ಕಿತ್ತು ಹಾಕುವುದೇ ಮೇಲು. ಅಳೆಯುವುದು ಅಡಾಪ್ಟರಿನ ಬಳಿಯಲ್ಲ. ಕ್ಯಾಮೆರಾದ ತುದಿಯಲ್ಲಿ, ಕ್ಯಾಮೆರಾ ಓಡುತ್ತಿರುವಾಗ, ಡೇ-ನೈಟ್ ಸೆಟ್ಟಿಂಗನ್ನು ‘ನೈಟ್’ಗೆ ಹಾಕಿ ಐಆರ್ ಹೊತ್ತಿಸಿಕೊಂಡು ಅಳೆಯಬೇಕು. 10.8ಕ್ಕಿಂತ ಕೆಳಗೆ ಬಂದರೆ ಅಡಾಪ್ಟರನ್ನು ಹತ್ತಿರ ತನ್ನಿ ಅಥವಾ ಪಿಓಇಗೆ ಬದಲಾಯಿಸಿ.

ಹೀಗೆ ಎದ್ದು ಬಿದ್ದರೆ ಕಾರ್ಡಿಗೇನು? ಕಾರ್ಡಿನೊಳಗಿನ ಕಂಟ್ರೋಲರ್ ಡೇಟಾವನ್ನು ಸದಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ, ಯಾವುದು ಎಲ್ಲಿದೆ ಎಂಬ ಕೋಷ್ಟಕವನ್ನು ತಿದ್ದುತ್ತಾ ಇರುತ್ತದೆ. ತಿದ್ದುವ ಗಳಿಗೆಯಲ್ಲಿ ಕರೆಂಟು ಹೋದರೆ ಕೊನೆಯ ಫೈಲ್ ಮಾತ್ರವಲ್ಲ, ಇಡೀ ಕಾರ್ಡೇ ಕೈಕೊಡಬಹುದು.

ಇನ್ವರ್ಟರ್ ಇದ್ದರೂ ಸಾಲದು. ಅದರ ಸ್ವಿಚ್ ‘ಇನ್ವರ್ಟರ್’ ಮೋಡಿನಲ್ಲಿದ್ದರೆ ಬದಲಾವಣೆ ನಿಧಾನ, ಅಷ್ಟರಲ್ಲಿ ಕ್ಯಾಮೆರಾ ಆಫ್ ಆಗಿ ಆನ್ ಆಗಿರುತ್ತದೆ. ‘ಯುಪಿಎಸ್’ ಮೋಡಿಗೆ ಹಾಕಿ. 8 ಕ್ಯಾಮೆರಾ, ತಲಾ 7 ವ್ಯಾಟ್, ನೆಟ್‌ವರ್ಕ್ ಸ್ವಿಚ್ಚಿನದೂ ಸೇರಿ 65 ವ್ಯಾಟ್ ದಾಟುವುದಿಲ್ಲ. 600 ವಿಎ ಯುಪಿಎಸ್ ಧಾರಾಳ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಯುಪಿಎಸ್ ಮದ್ದಲ್ಲ: ಗೇಟಿನ ಕಂಬದ ಕ್ಯಾಮೆರಾಕ್ಕೆ ಸರ್ಜ್ ಪ್ರೊಟೆಕ್ಟರ್, ಅದಕ್ಕೆ ಸರಿಯಾದ ಅರ್ಥಿಂಗ್ ಬೇಕು.

ತೇವ, ಉಪ್ಪು, ಕಿಲುಬು

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರು ಪ್ರದೇಶದ ಕ್ಯಾಮೆರಾ ಬಿಚ್ಚಿದರೆ ಮೊದಲು ನೆಟ್‌ವರ್ಕ್ ಕೇಬಲಿನ ಆರ್‌ಜೆ45 ಪ್ಲಗ್ಗಿನ ಪಿನ್‌ಗಳನ್ನು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಪಿಓಇ ಬಿಟ್ಟು ಬಿಟ್ಟು ಬರುತ್ತಿದೆ ಎಂದೇ ಲೆಕ್ಕ. ಆ ಪ್ಲಗ್ ಕತ್ತರಿಸಿ, ತಾಮ್ರ ಹೊಳೆಯುವಷ್ಟು ಹಿಂದಕ್ಕೆ ಹೋಗಿ ಹೊಸತು ಹೊಡೆಯಿರಿ. ಕ್ಯಾಮೆರಾದ ಜೊತೆ ಕೊಡುವ ವಾಟರ್‌ಪ್ರೂಫ್ ಕ್ಯಾಪ್ ಬಹಳ ಕಡೆ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ, ಅದನ್ನು ಹುಡುಕಿ ಹಾಕಿ. ಕೇಬಲ್ ಒಳಹೋಗುವ ಮೊದಲು ಕೆಳಕ್ಕೆ ಒಂದು ಬಳುಕು ಇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸಂದು ಮುಚ್ಚಲು ವಿನೆಗರ್ ವಾಸನೆಯ ಸಿಲಿಕಾನ್ ಬಳಸುವವರಿದ್ದಾರೆ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದ ಟ್ಯೂಬ್ ಕೇಳಿ ತನ್ನಿ.

ಕಾರ್ಡಿನ ಚಿನ್ನದ ಪಟ್ಟಿಗಳು ಮಂಕಾಗಿದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನಾರು ಬಿಡದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಲೇಪನವೇ ಏಳುತ್ತದೆ. ಸ್ಲಾಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಆರುವವರೆಗೆ ಕರೆಂಟು ಕೊಡಬೇಡಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಡೋಮ್ ಬಿಚ್ಚಿ ಹಾಗೇ ಮುಚ್ಚಿದರೆ ಆ ಒದ್ದೆ ಗಾಳಿಯನ್ನೇ ಒಳಗಿಟ್ಟು ಬೀಗ ಹಾಕಿದಂತೆ. ಸಾಧ್ಯವಿದ್ದರೆ ಇಳಿಸಿ ಎಸಿ ಕೋಣೆಯಲ್ಲಿ ಮುಚ್ಚಿ, ಹೊಸ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಈಗ ಕಾರ್ಡ್

ಫಾರ್ಮ್ಯಾಟ್ ‘ಯಶಸ್ವಿ’ ಎನ್ನುತ್ತದೆ, ಆದರೆ ಮರಳಿ ಹಾಕಿದಾಗ ಹಳೆಯ ಫೈಲ್‌ಗಳು ಹಾಗೇ ಇವೆ: ಆ ಕಾರ್ಡಿನ ಆಯಸ್ಸು ಮುಗಿದಿದೆ, ಓದಲು ಮಾತ್ರ ಬಿಡುತ್ತಿದೆ. ಮೊದಲ ದಿನ ಸರಿ, ಆಮೇಲೆ ಪ್ಲೇಬ್ಯಾಕ್ ಇಲ್ಲ ಎಂದಾದರೆ ನಕಲಿ ಕಾರ್ಡಿನ ಅನುಮಾನ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಬಳಸಿ ಕಾರ್ಡ್ ತುಂಬಾ ಬರೆದು ಓದಿಸಿ. ಹೊಸ ಕಾರ್ಡಿಗೂ ಇದನ್ನು ಮಾಡಿಯೇ ಕಂಬ ಹತ್ತಿ.

4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್, ಅಂದರೆ ಅರ್ಧ ಮೆಗಾಬೈಟ್) ಬಿಟ್‌ರೇಟ್ ಎಂದರೆ ದಿನಕ್ಕೆ 43 ಜಿಬಿ, ವರ್ಷಕ್ಕೆ ಹೆಚ್ಚುಕಡಿಮೆ 15.8 ಟಿಬಿ. 128 ಜಿಬಿ ಕಾರ್ಡ್ ವರ್ಷಕ್ಕೆ 120ಕ್ಕೂ ಹೆಚ್ಚು ಸಲ ಪೂರ್ತಿ ತುಂಬಿ ಅಳಿಯುತ್ತದೆ. ಮೊಬೈಲಿನ ಕಾರ್ಡ್ ಇದಕ್ಕಾಗಿ ಮಾಡಿದ್ದಲ್ಲ. ಪೊಟ್ಟಣದ ಮೇಲಿನ ‘100 ಎಂಬಿ ವೇಗ’ಕ್ಕೆ ಮರುಳಾಗಬೇಡಿ, ಕ್ಯಾಮೆರಾ ಬರೆಯುವುದು ಸೆಕೆಂಡಿಗೆ ಅರ್ಧ ಎಂಬಿ. ನೋಡಬೇಕಾದ್ದು ‘ಎಂಡ್ಯೂರೆನ್ಸ್’ ಪದ: ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್, ಸ್ಯಾಮ್‌ಸಂಗ್ ಪ್ರೊ ಎಂಡ್ಯೂರೆನ್ಸ್, ಡಬ್ಲ್ಯೂಡಿ ಪರ್ಪಲ್ ಈ ಬಗೆಯವು. ಕ್ಯಾಮೆರಾದ ಡೇಟಾಶೀಟ್ 128 ಜಿಬಿ ಎಂದಿದ್ದರೆ 256 ಹಾಕುವ ಆಸೆ ಬೇಡ.

ಹೊಸ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಓವರ್‌ರೈಟ್ ಆನ್ ಇಡಿ, ವೀಡಿಯೊ ಹೆಚ್ಚು ಕುಗ್ಗಿಸುವ ಎಚ್.265 ಆಯ್ದು ಬಿಟ್‌ರೇಟ್ 2ಕ್ಕೆ ಇಳಿಸಿ ಚಿತ್ರ ಸಾಕೇ ನೋಡಿ. ಎನ್‌ವಿಆರ್ (ಎಲ್ಲ ಕ್ಯಾಮೆರಾಗಳ ರೆಕಾರ್ಡರ್) ಇದ್ದು, ಕಡಿದ ಹೊತ್ತಿನದನ್ನು ಕಾರ್ಡಿನಿಂದ ಅದಕ್ಕೆ ತುಂಬಿಕೊಡುವ ಎಎನ್‌ಆರ್ ಸೌಲಭ್ಯವಿದ್ದರೆ ನೆಟ್‌ವರ್ಕ್ ಕಡಿದಾಗ ಮಾತ್ರ ಕಾರ್ಡಿನಲ್ಲಿ ರೆಕಾರ್ಡ್ ಆಗಲಿ. ಸ್ಟೋರೇಜ್ ಎರರ್ ಅಲಾರಂ ಇಮೇಲಿಗೆ ಬರುವಂತೆ ಮಾಡಿ. ಮರುದಿನ ಬೆಳಿಗ್ಗೆ ರಾತ್ರಿಯದನ್ನು ಒಮ್ಮೆ ನೋಡಿ. 4 ಎಂಬಿಪಿಎಸ್‌ನಲ್ಲೇ ಬಿಟ್ಟಿದ್ದರೆ ನಾಲ್ಕನೇ ದಿನ, 2ಕ್ಕೆ ಇಳಿಸಿದ್ದರೆ ಏಳನೇ ದಿನ ಇನ್ನೊಮ್ಮೆ. ಅಷ್ಟರಲ್ಲಿ 128 ಜಿಬಿ ಒಂದು ಸುತ್ತು ತುಂಬಿ ಹಳತರ ಮೇಲೆ ಹೊಸತು ಬರೆಯಲು ಶುರುವಾಗಿರುತ್ತದೆ, ಮೊದಲ ಸುತ್ತಿನಲ್ಲಿ ಕಾಣದ ದೋಷ ಅಲ್ಲಿ ಕಾಣಿಸಿಕೊಳ್ಳುವುದುಂಟು.