ಅಕಗೇರಾದಲ್ಲಿ ನನ್ನ ಎರಡನೆಯ ಸುತ್ತು

ಕಿಗಾಲಿಯಲ್ಲಿ ಕೆಲಸದಲ್ಲಿದ್ದಾಗ, ರುವಾಂಡದ ಪೂರ್ವ ಗಡಿಯಲ್ಲಿರುವ ಅಕಗೇರಾ ರಾಷ್ಟ್ರೀಯ ಉದ್ಯಾನಕ್ಕೆ ನಾನು ಎರಡು ಸಲ ಹೋಗಿದ್ದೆ. ಮೊದಲ ಸಲ ಲೆಕ್ಕ ತಪ್ಪಿತು. ದಕ್ಷಿಣದ ಇಹೇಮಾ ಸರೋವರದಲ್ಲಿ ದೋಣಿ ಹತ್ತಿ, ನೀರಾನೆ ಮೊಸಳೆಗಳನ್ನು ನೋಡುತ್ತ ಮಧ್ಯಾಹ್ನ ಮಾಡಿಕೊಂಡದ್ದರಿಂದ, ಪ್ರಾಣಿಗಳು ಹೆಚ್ಚಾಗಿ ಸೇರುವ ಉತ್ತರದ ಕಿಲಾಲಾ ಬಯಲನ್ನು ಮುಟ್ಟುವ ಹೊತ್ತಿಗೆ ಬೆಳಕು ಇಳಿದಿತ್ತು.

ಎರಡನೆಯ ಸಲ ದೋಣಿಯ ಆಸೆಯನ್ನು ಬಿಟ್ಟು, ಗೇಟ್ ತೆರೆಯುತ್ತಲೇ ಒಳಹೊಕ್ಕೆ. ಬಂಡೀಪುರದ ಸಫಾರಿ ವಾಹನಗಳಲ್ಲಿ ಕುಳಿತೇ ಅಭ್ಯಾಸವಿದ್ದ ನನಗೆ ಸ್ವಂತ ಗಾಡಿಯನ್ನು ಓಡಿಸಿಕೊಂಡು ಹೋಗುವುದು ಹೊಸದಾಗಿತ್ತು. ಆದರೂ ಸುತ್ತಲಿನ ಊರಿನವರೇ ಆದ ಗೈಡ್ ಒಬ್ಬರನ್ನು ಕರೆದುಕೊಂಡೆ. ಆ ಖರ್ಚಿಗೆ ಯಾರೂ ಹಿಂಜರಿಯಬಾರದು. ನನ್ನ ಕಡುನೀಲಿ ಅಂಗಿಯನ್ನು ಕಂಡವರೇ ಬೇರೆಯದನ್ನು ತೊಡುವಂತೆ ಹೇಳಿದರು. ಆ ಬಣ್ಣಕ್ಕೆ ರಕ್ತ ಹೀರುವ ಟ್ಸೆಟ್ಸೆ ನೊಣಗಳು ಮುತ್ತುತ್ತವೆ. ದಾರಿಯಲ್ಲಿ ಅವನ್ನು ಹಿಡಿಯಲು ಕಟ್ಟಿದ್ದ ಬಟ್ಟೆಗಳೂ ನೀಲಿ, ಕಪ್ಪು ಬಣ್ಣದವೇ.

1994ರ ನರಮೇಧದ ನಂತರ ಹೊರನಾಡಿನಿಂದ ದನಕರುಗಳೊಡನೆ ಮರಳಿದವರಿಗೆ ನೆಲ ಬೇಕಾಗಿ, 1997ರಲ್ಲಿ ಉದ್ಯಾನವನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಲಾಯಿತು. ದನ ಹಿಡಿಯುತ್ತಿದ್ದ ಸಿಂಹಗಳು ವಿಷಕ್ಕೆ ಬಲಿಯಾಗಿ ಪೂರ್ತಿ ಅಳಿದವು. 2010ರಲ್ಲಿ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಸರ್ಕಾರದೊಡನೆ ಕೈಜೋಡಿಸಿದ ಮೇಲೆ, ಮೊದಲು ಪಶ್ಚಿಮದ ಅಂಚಿಗೆ ಸುಮಾರು 120 ಕಿಲೋಮೀಟರ್ ಬೇಲಿ ಎದ್ದಿತು. ಅನಂತರವೇ, 2015ರಲ್ಲಿ, ದಕ್ಷಿಣ ಆಫ್ರಿಕಾದಿಂದ ಏಳು ಸಿಂಹಗಳು ಬಂದವು. 2017ರಲ್ಲಿ ಹದಿನೆಂಟು ಕಪ್ಪು ಘೇಂಡಾಮೃಗಗಳು. ಬೇಲಿ ಕಂಡಾಗ ಕಾಡಿನ ಅಂದ ಕೆಟ್ಟಿತೆಂದು ನಾನು ಗೊಣಗಿದ್ದುಂಟು. ಬೇಲಿ ಬರುವ ಮೊದಲು ರಾತ್ರಿಯಿಡೀ ಜೋಳದ ಹೊಲ ಕಾಯುತ್ತಿದ್ದುದನ್ನು ಗೈಡ್ ಹೇಳಿದ ಮೇಲೆ ಸುಮ್ಮನಾದೆ.

ಕಿಲಾಲಾದಲ್ಲಿ ಜೀಬ್ರಾಗಳ ನಡುವೆ ಟೋಪಿ ಎಂಬ ಕಂದು ಜಿಂಕೆಗಳು ಹುತ್ತದ ಮೇಲೆ ಕಾವಲುಗಾರರಂತೆ ನಿಂತಿದ್ದವು. ಸಿಂಹಿಣಿಯೊಂದು ಹುಲ್ಲಿನಲ್ಲಿ ಕಿವಿಯಷ್ಟನ್ನೇ ತೋರಿಸಿತು. ಕಪ್ಪು ಘೇಂಡಾಮೃಗ ಮಾತ್ರ ಕಣ್ಣಿಗೆ ಬೀಳಲಿಲ್ಲ. ಹಿಂದಿರುಗುವಾಗ ಗೈಡ್ ಗಾಡಿಯನ್ನು ನಿಲ್ಲಿಸಲು ಹೇಳಿ, ಕಿಟಕಿಯಿಂದಲೇ ರಸ್ತೆಬದಿಯ ಪೊದೆಯೊಂದನ್ನು ತೋರಿಸಿದರು. ಅದರ ಎಳೆಯ ಕಡ್ಡಿಗಳೆಲ್ಲ ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತಿದ್ದವು. ಅದು ಘೇಂಡಾಮೃಗ ಮೇಯ್ದ ಗುರುತು. ತುದಿಗಳು ಇನ್ನೂ ಹಸಿಯಾಗಿದ್ದವು.