ಹರೆಯದ ಹಾಡುಗಳ ಕ್ಯಾಸೆಟ್ಟನ್ನು ನೆನಪಿನ ಸಮೇತ ಉಳಿಸಿಕೊಳ್ಳುವ ಬಗೆ

1980ರ ದಶಕದಲ್ಲಿ ಹರೆಯಕ್ಕೆ ಬಂದ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಅಟ್ಟದ ಮೇಲೋ ಬೀರುವಿನ ತಳದಲ್ಲೋ ಒಂದಷ್ಟು ಕ್ಯಾಸೆಟ್‌ಗಳು ಉಳಿದಿರುತ್ತವೆ. ಅವುಗಳಲ್ಲಿ ಕೆಲವು ಅಂಗಡಿಯಲ್ಲಿ ಕೊಂಡವು, ಕೆಲವು ಹಾಡಿನ ಪಟ್ಟಿ ಬರೆದುಕೊಟ್ಟು ರೆಕಾರ್ಡಿಂಗ್ ಅಂಗಡಿಯಲ್ಲಿ ತುಂಬಿಸಿದವು, ಇನ್ನು ಕೆಲವು ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಎರಡೂ ಇದ್ದ ಟೂ-ಇನ್-ಒನ್ ಸೆಟ್ಟಿನಲ್ಲಿ ಆಕಾಶವಾಣಿಯಿಂದ ನೇರವಾಗಿ ಹಿಡಿದವು. ಎಸ್‌.ಪಿ. ಬಾಲಸುಬ್ರಹ್ಮಣ್ಯಂ, ಎಸ್‌. ಜಾನಕಿಯವರ ಆ ಹಾಡುಗಳೆಲ್ಲ ಈಗ ಮೊಬೈಲಿನಲ್ಲೇ ಶುಭ್ರವಾಗಿ ಸಿಗುತ್ತವೆ ಎಂಬ ಕಾರಣಕ್ಕೆ ಈ ಮೂರನೆಯ ಬಗೆಯ ಕ್ಯಾಸೆಟ್ಟನ್ನು ಎಸೆಯುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಮೊದಲು ಉಳಿಸಬೇಕಾದದ್ದು ಅದನ್ನೇ. ಗುಂಡಿ ಒತ್ತುವುದು ತಡವಾಗಿ ತುಂಡಾದ ಪಲ್ಲವಿ, ಹಾಡು ಕೋರಿದವರ ಹೆಸರುಗಳನ್ನು ಓದುವ ಉದ್ಘೋಷಕರ ದನಿ, ಮೈಕಿಟ್ಟು ಹಿಡಿದಿದ್ದರೆ ಅದಕ್ಕೆ ಸಿಕ್ಕಿಬಿದ್ದ ಅಡುಗೆಮನೆಯ ಸದ್ದು, ಇವು ಬೇರೆಲ್ಲಿಯೂ ಇಲ್ಲ.

ಕ್ಯಾಸೆಟ್ಟನ್ನು ಸೆಟ್ಟಿಗೆ ಹಾಕುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಮಲೆನಾಡು ಮತ್ತು ಕರಾವಳಿಯ ಮಳೆಗಾಲವನ್ನು ಕಂಡ ರೀಲಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡುಬರುವುದುಂಟು. ಅಂಥದ್ದನ್ನು ಬೇರೆಯವುಗಳ ಜೊತೆ ಇಡಬಾರದು, ಸ್ವಚ್ಛಗೊಳಿಸದೆ ಸೆಟ್ಟಿಗೆ ಹಾಕಬಾರದು, ಮೂಗು ಬಾಯಿ ಮುಚ್ಚಿಕೊಳ್ಳದೆ ಬಿಚ್ಚಲೂಬಾರದು. ಮುಂಭಾಗದಲ್ಲಿ ರೀಲನ್ನು ಸೆಟ್ಟಿನ ಹೆಡ್ಡಿಗೆ (ರೀಲಿನಿಂದ ಧ್ವನಿಯನ್ನು ಓದುವ ಭಾಗಕ್ಕೆ) ಒತ್ತಿಹಿಡಿಯುವ ಪುಟ್ಟ ಮೆತ್ತೆ ಉದುರಿದ್ದರೆ ಸ್ವರ ಮಂಕಾಗುತ್ತದೆ. ಆಗ ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಕವಚಕ್ಕೆ ರೀಲನ್ನು ವರ್ಗಾಯಿಸುವುದೇ ಸರಿಯಾದ ದಾರಿ. ರೀಲು ತುಂಡಾಗಿದ್ದರೆ ಸಾಮಾನ್ಯ ಅಂಟುಪಟ್ಟಿಯನ್ನು ಬಳಸಬೇಡಿ, ಅದರ ಗೋಂದು ಕಾಲಕ್ರಮೇಣ ಒಸರಿ ಪಕ್ಕದ ಸುತ್ತುಗಳಿಗೆ ಹತ್ತಿಕೊಳ್ಳುತ್ತದೆ. ರೀಲು ಜೋಡಿಸುವುದಕ್ಕೆಂದೇ ಬರುವ ಪಟ್ಟಿಯನ್ನು, ಹೆಡ್ಡಿಗೆ ತಾಗದ ಒಳಮೈಗೆ ಅಂಟಿಸಬೇಕು. ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಿ; ಅವು ಮುರಿದಿದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಲು ಹೋದರೂ ಹಳೆಯ ಧ್ವನಿ ಅಳಿಯದು.

ಸೆಟ್ಟು ಸುಸ್ಥಿತಿಯಲ್ಲಿರಬೇಕು. ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಸ್ವಚ್ಛವಾಗಿ ಒರೆಸಿಕೊಳ್ಳಿ. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಸಾಕು. ವರ್ಷಗಟ್ಟಲೆ ಸುಮ್ಮನಿದ್ದ ರೀಲಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರಬಹುದಾದ್ದರಿಂದ ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೊಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. 90 ನಿಮಿಷದ ಕ್ಯಾಸೆಟ್ಟಿನ ರೀಲು 60 ನಿಮಿಷದ್ದಕ್ಕಿಂತ ತೆಳು, ಆದ್ದರಿಂದ ಅದನ್ನು ಪದೇ ಪದೇ ನಿಲ್ಲಿಸಿ ಎಳೆದಾಡಬಾರದು.

ಅನೇಕ ಲ್ಯಾಪ್‌ಟಾಪ್‌ಗಳ ಮೈಕ್ ಕಿಂಡಿ ಒಂದೇ ವಾಹಿನಿಯ ಧ್ವನಿಯನ್ನು ಪಡೆಯುತ್ತದೆ. ಹೀಗಾಗಿ ಸೆಟ್ಟಿನ ಲೈನ್-ಔಟ್ ಅಥವಾ ಹೆಡ್‌ಫೋನ್ ಕಿಂಡಿಯಿಂದ ಬರುವ ತಂತಿಯನ್ನು ಯುಎಸ್‌ಬಿ ಧ್ವನಿ ಸಾಧನದ ಮೂಲಕ ಕಂಪ್ಯೂಟರಿಗೆ ಸೇರಿಸುವುದು ಒಳ್ಳೆಯದು. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಆಯ್ದುಕೊಂಡು, ಅತಿ ಜೋರಾದ ಭಾಗವೂ ಮೈನಸ್ 6 ಡೆಸಿಬೆಲ್ ಮೀರದಂತೆ ಮಟ್ಟವನ್ನು ಹೊಂದಿಸಿ, ಒಂದು ಬದಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಡತವಾಗಿ ಹಿಡಿಯಿರಿ. ಹಾಡು ಹಾಡಾಗಿ ಕತ್ತರಿಸಬೇಡಿ, ಉದ್ಘೋಷಣೆಯನ್ನು ತೆಗೆಯಬೇಡಿ, ಸುಯ್ಯೆನ್ನುವ ಸದ್ದನ್ನು ಅಳಿಸಬೇಡಿ. ಒಂದು ಹಾಡಿನ ಹಿಂದೆ ಯಾವ ಹಾಡು ಬಂತೆಂಬ ಕ್ರಮವೇ ಆ ಕ್ಯಾಸೆಟ್ಟನ್ನು ತುಂಬಿದ ಹುಡುಗಿಯ ಅಥವಾ ಹುಡುಗನ ಮನಸ್ಸಿನ ದಾಖಲೆ. ಕಿವಿಗೆ ಹಿತವಾದ ಪ್ರತಿ ಬೇಕೆಂದರೆ ಮೂಲ ಕಡತವನ್ನು ಮುಟ್ಟದೆ ಬೇರೆಯಾಗಿ ಮಾಡಿಕೊಳ್ಳಬಹುದು. ಬ್ಯಾಟರಿ ಇಳಿದ ಸೆಟ್ಟಿನಲ್ಲಿ ಹಿಡಿದ ಹಾಡುಗಳು ಈಗ ಅವಸರದಲ್ಲಿ, ಏರಿದ ಶ್ರುತಿಯಲ್ಲಿ ಕೇಳಿಸುತ್ತವೆ. ಮೂಲ ಧ್ವನಿಮುದ್ರಣದೊಂದಿಗೆ ಶ್ರುತಿಯನ್ನು ಹೋಲಿಸಿ ವೇಗವನ್ನು ತಗ್ಗಿಸುವ ಕೆಲಸವೂ ಆ ಎರಡನೆಯ ಪ್ರತಿಯಲ್ಲೇ ನಡೆಯಲಿ.

ಇನ್ನು ನೆನಪಿನ ಭಾಗ. ಇಲ್ಲಿ ಯಂತ್ರಕ್ಕಿಂತ ಹೆಚ್ಚು ತಾಳ್ಮೆ ಬೇಕು. ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ನೆನಪುಗಳು ನಡುವಯಸ್ಸು ದಾಟಿದವರಲ್ಲಿ ಉಳಿದ ಕಾಲದ ನೆನಪುಗಳಿಗಿಂತ ದಟ್ಟವಾಗಿ ಮೇಲೇಳುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಗುರುತಿಸಿದ್ದಾರೆ, ಮತ್ತು ಆ ವಯಸ್ಸಿನ ಹಾಡುಗಳು ಅವನ್ನು ಎಬ್ಬಿಸುವುದರಲ್ಲಿ ವಿಶೇಷವಾಗಿ ಸಮರ್ಥವಾಗಿವೆ. ಕ್ಯಾಸೆಟ್ಟಿನ ಒಡೆಯರನ್ನು, ಅವರು ನಿಮ್ಮ ಅಮ್ಮನಾಗಿರಲಿ ಸೋದರಮಾವನಾಗಿರಲಿ, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬದಿಯನ್ನು ಪೂರ್ತಿ ಕೇಳಿಸಿ. ಮೊದಲ ಬಾರಿ ಏನನ್ನೂ ಕೇಳಬೇಡಿ, ತಾವಾಗಿ ಬಾಯಿಬಿಟ್ಟರೆ ಮಾತ್ರ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಎರಡನೆಯ ಬಾರಿ ದನಿ ತಗ್ಗಿಸಿ, ಸಣ್ಣ ಸಣ್ಣ ಸಂಗತಿಗಳನ್ನು ವಿಚಾರಿಸಿ: ಸೆಟ್ಟು ಮನೆಯ ಯಾವ ಮೂಲೆಯಲ್ಲಿತ್ತು, ಅದನ್ನು ಮುಟ್ಟಲು ಯಾರ ಅಪ್ಪಣೆ ಬೇಕಿತ್ತು, ಖಾಲಿ ಕ್ಯಾಸೆಟ್ಟಿಗೆ ಹಣ ಎಲ್ಲಿಂದ ಬಂತು, ಪರೀಕ್ಷೆಯ ದಿನಗಳಲ್ಲಿ ರೇಡಿಯೊ ಹಚ್ಚಲು ಬಿಡುತ್ತಿದ್ದರೇ. “ಆಗ ಹೇಗನ್ನಿಸುತ್ತಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತಪ್ಪ” ಎಂಬಷ್ಟರಲ್ಲೇ ಮಾತು ಮುಗಿಯುತ್ತದೆ, ಸೆಟ್ಟಿದ್ದ ಮೂಲೆಯ ಬಗ್ಗೆ ಕೇಳಿದರೆ ಇಡೀ ಮನೆಯೇ ಎದ್ದುಬರುತ್ತದೆ. ಯಾವುದೋ ಹಾಡಿಗೆ ಅವರು ಮೌನವಾದರೆ ಕೆದಕಬೇಡಿ. ಹರೆಯದ ಎಲ್ಲವೂ ಮಕ್ಕಳಿಗೆ ಹೇಳುವಂಥದ್ದಲ್ಲ, ಹೇಳದಿರುವ ಹಕ್ಕು ಅವರದು.

ಅವರು ಹೇಳುವ ಇಸವಿಯನ್ನು ತಿದ್ದಬೇಡಿ, ಆದರೆ ಬೇರೆಯಾಗಿ ಪರಿಶೀಲಿಸಿ ಬರೆದಿಡಿ. ‘ಗೀತಾ’ ಚಿತ್ರ 1981ರದು, ‘ಪಲ್ಲವಿ ಅನುಪಲ್ಲವಿ’ 1983ರದು. ಈ ಎರಡರ ಹಾಡುಗಳೂ ಒಂದೇ ಬದಿಯಲ್ಲಿ ನಡುವೆ ಕಡಿತವಿಲ್ಲದೆ ಬಂದಿದ್ದರೆ ಆ ಭಾಗವನ್ನು ತುಂಬಿದ್ದು 1983ಕ್ಕಿಂತ ಬಹಳ ಮುಂಚೆ ಅಲ್ಲವೆಂದು ಹೇಳಬಹುದು. ಹಾಡುಗಳ ನಡುವೆ ಸಿಕ್ಕಿಕೊಂಡ ವಾರ್ತೆಯ ತುಣುಕು, ಚುನಾವಣೆಯ ಸುದ್ದಿ ಅಥವಾ ಕ್ರಿಕೆಟ್ ವೀಕ್ಷಕ ವಿವರಣೆ ಕೆಲವೊಮ್ಮೆ ದಿನಾಂಕವನ್ನೇ ಕೊಟ್ಟುಬಿಡುತ್ತದೆ. ಒಳಹಾಳೆಯ ಮೇಲಿನ ಕೈಬರಹದ ಪಟ್ಟಿಯ ಎರಡೂ ಬದಿಗಳನ್ನು ಛಾಯಾಚಿತ್ರ ತೆಗೆದು, ಅದೇ ಹೆಸರಿನಲ್ಲಿ ಧ್ವನಿಯ ಕಡತದ ಪಕ್ಕದಲ್ಲಿಡಿ.

90 ನಿಮಿಷದ ಕ್ಯಾಸೆಟ್ಟೊಂದು ಈ ಗುಣಮಟ್ಟದಲ್ಲಿ ಸುಮಾರು 1.5 ಗಿಗಾಬೈಟ್ ಜಾಗ ಹಿಡಿಯುತ್ತದೆ. ಫ್ಲ್ಯಾಕ್ ರೂಪಕ್ಕೆ ಬದಲಿಸಿದರೆ ಧ್ವನಿಗೆ ನಷ್ಟವಿಲ್ಲದೆ ಗಾತ್ರ ತಗ್ಗುತ್ತದೆ. ಎಂಪಿ3 ಪ್ರತಿಯನ್ನು ಮನೆಯವರಿಗೆ ಕಳುಹಿಸಲು ಮಾತ್ರ ಬಳಸಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಪ್ರಕಟಣೆಯ ನಂತರ 60 ವರ್ಷ ಉಳಿಯುವುದರಿಂದ ಆ ದಶಕದ ಹಾಡುಗಳನ್ನು ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ಹಾಕಬಾರದು. ಮೂಲ ಕಡತ, ನೆನಪಿನ ಮಾತುಗಳ ಮುದ್ರಣ ಮತ್ತು ಚಿತ್ರಗಳನ್ನು ಮೂರು ಕಡೆ ಇಡಿ, ಅವುಗಳಲ್ಲಿ ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಕ್ಯಾಸೆಟ್ಟನ್ನು ಪೂರ್ತಿ ಒಂದು ಬದಿಗೆ ಸುತ್ತಿ, ಡಬ್ಬಿಯೊಳಗೆ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಅಯಸ್ಕಾಂತದಿಂದಲೂ ತೇವದ ಗೋಡೆಯಿಂದಲೂ ದೂರವಿಡಿ.