ಬಿದಿರಿನ ಗಂಟು, ಫೈಬರ್ ದೋಟಿ

ನಮ್ಮ ತೋಟ ಇರುವುದು ಬದಿಯಡ್ಕದ ಹತ್ತಿರ. ಮಳೆ ಹಿಡಿಯುವ ಮೊದಲು ಒಂದು ಸಲ, ನಡುವೆ ನಾಲ್ಕು ದಿನ ಬಿಸಿಲು ಬಂದಾಗ ಇನ್ನೊಂದು ಸಲ ಅಡಿಕೆಗೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಬಿಡಲೇಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಎಲ್ಲ ಬುಡಕ್ಕೆ ಉದುರುತ್ತದೆ. ಆದರೆ 60 ಅಡಿ ಮರ ಹತ್ತಿ ಮದ್ದು ಬಿಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ನಮ್ಮಲ್ಲಿಗೆ ಬರುತ್ತಿದ್ದ ಅಣ್ಣ ಒಮ್ಮೆ ಪಾಚಿ ಹಿಡಿದ ಮರದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನೆಲದಲ್ಲಿ ನಿಂತೇ ಮದ್ದು ಬಿಡುವ ದೋಟಿ, ಅಂದರೆ ಉದ್ದನೆಯ ಕೋಲು, ಮಾಡಲು ನಾನು ಕೂತದ್ದು ಆ ವರ್ಷವೇ.

ನಾನು ಇಂಜಿನಿಯರ್. 12 ವರ್ಷ ಬೆಂಗಳೂರಿನಲ್ಲಿ ಫೈಬರ್ ಗ್ಲಾಸ್ ಮತ್ತು ಕಾರ್ಬನ್ ಫೈಬರ್ ಕೆಲಸ ಮಾಡಿ ಊರಿಗೆ ಬಂದವನು. ಈಗ ಕಾರ್ಬನ್ ದೋಟಿ ಅಂಗಡಿಯಲ್ಲೂ ಸಿಗುತ್ತದೆ. ಆದರೂ ನನ್ನದನ್ನು ನಾನೇ ಮಾಡಿದೆ. ಮುರಿದರೆ ನಮ್ಮ ಅಂಗಳದಲ್ಲೇ ಸರಿ ಮಾಡುವಂತಿರಬೇಕು ಎಂಬುದು ನನ್ನ ಆಸೆಯಾಗಿತ್ತು.

ಮೊದಲನೆಯದು ಪೂರ್ತಿ ಗ್ಲಾಸ್ ಫೈಬರಿನದು. ಎತ್ತಿ ನಿಲ್ಲಿಸಿದಾಗ ಚೆನ್ನಾಗಿಯೇ ಇತ್ತು. ಪೈಪಿನೊಳಗೆ ಮದ್ದು ತುಂಬಿತು ನೋಡಿ, ತುದಿ ಬಾಗಿ ಪಕ್ಕದ ಮರಕ್ಕೆ ಹೋಯಿತು. ಗಾಜಿನ ಎಳೆ ಗಟ್ಟಿಯೇ, ಸುಲಭವಾಗಿ ತುಂಡಾಗುವುದಿಲ್ಲ. ಆದರೆ ಬಾಗುತ್ತದೆ. ಕಾರ್ಬನ್ ಎಳೆ ಅದಕ್ಕಿಂತ ಸುಮಾರು ಮೂರು ಪಟ್ಟು ಬಿಗಿ, ತೂಕವೂ ಕಡಿಮೆ. ಹಾಗಾಗಿ ಎರಡನೆಯದನ್ನು ಕಾರ್ಬನಿನಲ್ಲಿ ಮಾಡಿದೆ. ಬಾಗಬಾರದು ಎಂಬ ಒಂದೇ ಯೋಚನೆಯಲ್ಲಿ ಎಲ್ಲ ಎಳೆಗಳನ್ನೂ ಉದ್ದಕ್ಕೇ ಹಾಕಿದೆ. ಮೂರನೇ ದಿನ ದೋಟಿಯ ತುಂಡುಗಳನ್ನು ಜೋಡಿಸುವ ಕ್ಲಾಂಪ್ ಬಿಗಿ ಮಾಡುವಾಗ 'ಟಕ್' ಎಂದಿತು. ಜೋಡಣೆಯ ಹತ್ತಿರ ಕೊಳವೆ ಎರಡಡಿ ಸೀಳಿತ್ತು.

ಆ ತುಂಡನ್ನು ನೋಡಿ ಅಪ್ಪ ಹೇಳಿದರು, "ಇದಕ್ಕೆ ಗಂಟೇ ಇಲ್ಲವಲ್ಲ ಮಗಾ." ಹೌದಲ್ವಾ! ಹಸಿ ಬಿದಿರು ಸೀಳುವಾಗ ಕತ್ತಿ ಸರಾಗ ಹೋಗಿ ಗಂಟಿನಲ್ಲಿ ತಡೆಯುತ್ತದೆ. ಬಿದಿರಿನ ನಾರೂ ಉದ್ದಕ್ಕೇ ಇರುವುದು. ಅದು ಸೀಳದ ಹಾಗೆ ಹಿಡಿದಿಡುವುದು ಗಂಟು. ಅಂದಿನಿಂದ ನಾನು ಪ್ರತಿ ಕೊಳವೆಗೂ ಒಳಗೊಂದು, ಹೊರಗೊಂದು ತೆಳು ಪದರವನ್ನು ಅಡ್ಡಕ್ಕೆ ಸುತ್ತುತ್ತೇನೆ. ಎರಡೂ ತುದಿಯಲ್ಲಿ ಒಂದು ಗೇಣು ಉದ್ದಕ್ಕೆ ಗ್ಲಾಸ್ ನೂಲನ್ನು ಒತ್ತೊತ್ತಾಗಿ ಸುತ್ತಿ ಗಂಟು ಕಟ್ಟುತ್ತೇನೆ. ತೂಕ ಸ್ವಲ್ಪ ಹೆಚ್ಚಾಯಿತು, ಆದರೆ ಆಮೇಲೆ ಒಂದೂ ಸೀಳಲಿಲ್ಲ.

ಕೊಳವೆ ಸುತ್ತುವ ಅಚ್ಚಿಗೆ ಮೊದಲು ಕಬ್ಬಿಣದ ಪೈಪ್ ಬಳಸಿದ್ದೆ. ಇಬ್ಬರು ಎಳೆದರೂ ಹೊರಗೆ ಬರಲಿಲ್ಲ. ಅಲ್ಯೂಮಿನಿಯಂ ಪೈಪಿಗೆ ಬದಲಾಯಿಸಿದೆ. ಮೇಣ ಹಚ್ಚಿ, ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಎಳೆ ಸುತ್ತಿ, ಮೇಲೆ ಬಿಸಿಗೆ ಬಿಗಿಯುವ ಟೇಪ್ ಸುತ್ತಿ, ಪ್ಲೈವುಡ್ ಪೆಟ್ಟಿಗೆಯಲ್ಲಿ ಬಲ್ಬ್ ಉರಿಸಿ 80 ಡಿಗ್ರಿಗೆ ಕಾಯಿಸುತ್ತೇನೆ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ತಣಿಯುವಾಗ ಅಷ್ಟೇ ಕುಗ್ಗುತ್ತದೆ. ಕಾರ್ಬನ್ ಕೊಳವೆ ಅಷ್ಟೊಂದು ಕುಗ್ಗುವುದಿಲ್ಲ. ಬೆಳಿಗ್ಗೆ ಹೋಗಿ ಮೆಲ್ಲ ತಿರುಗಿಸಿದರೆ ಸಾಕು, ಕಳಚಿ ಬರುತ್ತದೆ. ಈ ಕೆಲಸ ಡಿಸೆಂಬರಿನಿಂದ ಮೇವರೆಗೆ ಮಾತ್ರ. ಜೂನಿನಲ್ಲಿ ಮಾಡಿದ ಒಂದು ಕೊಳವೆಯ ಮೇಲೆ ಜಿಡ್ಡಿನ ಪೊರೆ ಕಟ್ಟಿ, ಮುಂದಿನ ಪದರ ಹಿಡಿಯಲೇ ಇಲ್ಲ. ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಗಾಳಿಯ ತೇವವನ್ನು ಹೀರಿಕೊಂಡಿತ್ತು. ನಮ್ಮ ಮಳೆಗಾಲ ಎಂದರೆ ಗೊತ್ತಲ್ಲ.

ಮುಂದಿನ ತೊಂದರೆ ಕ್ಲಾಂಪಿನದು. ಒಂದು ಮಳೆಗಾಲ ಕಳೆದಾಗ ಅಲ್ಯೂಮಿನಿಯಂ ಕ್ಲಾಂಪಿನ ಒಳಗೆ ಬಿಳಿ ಹುಡಿ. ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು, ಅಡಿಯಲ್ಲಿ ಲೋಹ ಇಲಿ ಕಡಿದ ಹಾಗೆ ಗುಳಿ ಬಿದ್ದಿತ್ತು. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ನೀರು ನಿಂತರೆ ಬ್ಯಾಟರಿಯ ಹಾಗೆ ಆಗುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಮೈಲುತುತ್ತಿನ ನೀರಾದರೆ ಇನ್ನೂ ಬೇಗ. ಈಗ ಕ್ಲಾಂಪ್ ಕೂರುವ ಜಾಗಕ್ಕೆ ಎರಡು ಪದರ ಗ್ಲಾಸ್ ಬಟ್ಟೆ, ಅದರ ಮೇಲೆ ನೈಲಾನ್ ಕ್ಲಾಂಪ್.

ಇನ್ನೊಂದು ವಿಷಯ ದಯವಿಟ್ಟು ಗಮನವಿಟ್ಟು ಓದಿ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ನೋಡಲು ಪ್ಲಾಸ್ಟಿಕಿನ ಹಾಗೆ ಇರುವುದರಿಂದ ತುಂಬಾ ಜನರಿಗೆ ಇದು ಗೊತ್ತಿಲ್ಲ. ನಾನು ಕೈ ಹಿಡಿಯುವ ಕೆಳಗಿನ ಎರಡು ತುಂಡುಗಳನ್ನು ಪೂರ್ತಿ ಗ್ಲಾಸಿನಲ್ಲೇ ಮಾಡುತ್ತೇನೆ. ಬಾಗದ ಹಾಗೆ ದಪ್ಪ ಜಾಸ್ತಿ ಕೊಡುತ್ತೇನೆ. ಭಾರ ಬುಡದಲ್ಲಿದ್ದರೆ ಹಿಡಿದವನಿಗೆ ಅಷ್ಟು ಆಯಾಸವಿಲ್ಲ. ಆದರೆ ಪೈಪಿನಲ್ಲಿರುವ ಮದ್ದೂ ಕರೆಂಟ್ ಹರಿಸುತ್ತದೆ, ಒದ್ದೆಯಾದ ದೋಟಿಯೂ ಹರಿಸುತ್ತದೆ. ಆದ್ದರಿಂದ ನನ್ನ ಗ್ಲಾಸ್ ಹಿಡಿಕೆಯನ್ನು ನಂಬಿ ಯಾರೂ ತಂತಿಯ ಹತ್ತಿರ ಹೋಗಬೇಡಿ. ನಮ್ಮ ತೋಟದ ಮೇಲೆ ತಂತಿ ಹೋಗುವ ಕಡೆಯ ಮರಗಳಿಗೆ ಕೆಂಪು ಪಟ್ಟಿ ಬಳಿದಿದ್ದೇನೆ. ಅಲ್ಲಿ ಲೈನ್ ಆಫ್ ಮಾಡಿಸದೆ ಯಾರೂ ದೋಟಿ ಎತ್ತುವಂತಿಲ್ಲ.

ಮದ್ದು ಬೆರೆಸಲು ಎರಡು ಅರೆಯ ಫೈಬರ್ ಟ್ಯಾಂಕನ್ನೂ ಮಾಡಿದೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದು ಅರೆಯಲ್ಲಿ ತುತ್ತಿನ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನೇ ವರ್ಷಕ್ಕೆ ಸುಣ್ಣದ ಬದಿಯಲ್ಲಿ ನಾರನ್ನು ಹಿಡಿದಿಡುವ ರೆಸಿನ್ ಅಂಟು ಸವೆದು ಗಾಜಿನ ನಾರು ಕಂಡಿತು. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಸುಣ್ಣಕ್ಕೆ ತಡೆಯುವುದಿಲ್ಲ. ವಿನೈಲ್ ಎಸ್ಟರ್ ರೆಸಿನ್ ಹಾಕಿ ಒಳಮೈ ಹೊಸದು ಮಾಡಿದೆ, ಈಗ ಚೆನ್ನಾಗಿದೆ.

ನಿಮ್ಮಲ್ಲಿ ಹಳೆಯ ದೋಟಿ ಇದ್ದರೆ ಮೇ ತಿಂಗಳಲ್ಲೇ ತೆಗೆದು ಒರೆಸಿ, ಒಂದು ನಾಣ್ಯದಿಂದ ಬುಡದಿಂದ ತುದಿವರೆಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ 'ಟಣ್' ಎನ್ನುತ್ತದೆ. ಪದರ ಬಿಟ್ಟ ಕಡೆ ಸದ್ದು ಮಂದವಾಗುತ್ತದೆ, ಒದ್ದೆ ಮರಕ್ಕೆ ಬಡಿದ ಹಾಗೆ. ಅಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿ, ಉಜ್ಜುಕಾಗದದಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಎಪಾಕ್ಸಿ ನೆನೆಸಿದ ಗ್ಲಾಸ್ ಪಟ್ಟಿಯನ್ನು ಎರಡೂ ಕಡೆ ನಾಲ್ಕು ಬೆರಳು ಹೆಚ್ಚಿಗೆ ಬರುವಂತೆ ಸುತ್ತಿ. ಎರಡು ದಿನ ಬಿಸಿಲಿಗೆ ಇಟ್ಟು, ಮತ್ತೊಮ್ಮೆ ತಟ್ಟಿ ನೋಡಿ.